ಬಣ್ಣ ಕೆರೆಸಿ, ವೆಲ್ಡಿಂಗ್ ನೋಡಿಸಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಮ್ಮೂರ ಹಳ್ಳದ ಕಬ್ಬಿಣದ ಕಾಲುಸಂಕದ ಬಗ್ಗೆ ನಾನು ನಿಮಗೆ ಬರೆಯುತ್ತಿರುವ ಐದನೇ ಪತ್ರ ಇದು. ಮೊದಲ ನಾಲ್ಕಕ್ಕೆ ಉತ್ತರ ಬರಲಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಕಳೆದ ಆಷಾಢದಲ್ಲಿ ನನ್ನ ಮೊಮ್ಮಗಳು ಶಾಲೆಯಿಂದ ಬರುವಾಗ ಸಂಕದ ಪಕ್ಕದ ಪೈಪು ಕಿತ್ತು ಅವಳ ಕೈಗೇ ಬಂತು. ಕೆಳಗೆ ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಹಿಂದೆ ಬರುತ್ತಿದ್ದ ಪಕ್ಕದ ಮನೆಯ ಹುಡುಗ ಬ್ಯಾಗ್ ಹಿಡಿದೆಳೆದ, ಮಗು ಉಳಿಯಿತು. ಆ ರಾತ್ರಿ ಅವಳು ನಿದ್ದೆಯಲ್ಲೂ ಮುಷ್ಟಿ ಬಿಚ್ಚಲಿಲ್ಲ. ಈಗಲೂ ಸಂಕ ದಾಟಲು ಅವಳಿಗೆ ನನ್ನ ಬೆರಳು ಬೇಕು.

ನಾನು 28 ವರ್ಷ ಕಾರ್ಖಾನೆಯಲ್ಲಿ ವೆಲ್ಡಿಂಗ್ ತಪಾಸಣೆ ಮಾಡಿದವನು. ಮರುದಿನ ಕಿತ್ತ ಜಾಗ ಉಜ್ಜಿ ನೋಡಿದೆ. ಪೈಪಿನ ಸುತ್ತ ಪೂರ್ತಿ ವೆಲ್ಡ್ ಇರಬೇಕಾದಲ್ಲಿ ಎರಡು ಟ್ಯಾಕ್, ಅಂದರೆ ತಾತ್ಕಾಲಿಕವಾಗಿ ಹಿಡಿದಿಡಲು ಹಾಕುವ ಚಿಕ್ಕ ವೆಲ್ಡ್, ಮಾತ್ರ ಇತ್ತು. ಉಳಿದ ಸಂದಿಗೆ ಪುಟ್ಟಿ ಮೆತ್ತಿ ಹಸಿರು ಬಣ್ಣ ಹೊಡೆದಿದ್ದರು. ಪುಟ್ಟಿ, ಸ್ವಾಮಿ! ಮಕ್ಕಳು ಹಿಡಿದು ನಡೆಯುವ ಪೈಪಿಗೆ!

ಸಂಕ ಕಟ್ಟುವ ಕೆಲಸ ನಡೆದಿದ್ದೂ ಮಳೆಯಲ್ಲೇ. ವೆಲ್ಡಿಂಗ್ ರಾಡಿನ ಪ್ಯಾಕೆಟ್ ಒಡೆದು ಒದ್ದೆ ನೆಲದ ಮೇಲೆ ಬಿದ್ದಿದ್ದನ್ನು ಕಂಡು ಅಂದೇ ಹೇಳಿದ್ದೆ. ತೇವ ಕುಡಿದ ರಾಡಿನಲ್ಲಿ ಹಾಕಿದ ವೆಲ್ಡ್ ಒಳಗೊಳಗೇ ಗುಳ್ಳೆ ಕಟ್ಟುತ್ತದೆ, ಒಂದೆರಡು ದಿನ ಕಳೆದ ಮೇಲೂ ಬಿರುಕು ಬಿಡಬಹುದು. ಉಕ್ಕಿನ ವೆಲ್ಡಿಂಗ್‌ಗೆ ಇರುವ ಭಾರತೀಯ ಮಾನಕ ಐಎಸ್ 816 ಏನು ಹೇಳುತ್ತದೆ ಅಂತ ಇಲಾಖೆಯ ಇಂಜಿನಿಯರುಗಳಿಗೆ ನಾನು ಹೇಳಿಕೊಡಬೇಕಾ?

ದೂರು ಕೊಟ್ಟಿದ್ದಕ್ಕೆ ಸಂಕ ಕಟ್ಟಿದ ಗುತ್ತಿಗೆದಾರರ ಕಡೆಯವನೇ ಬಂದ. ಮತ್ತೆ ಎರಡು ಟ್ಯಾಕ್ ಹಾಕಿದ, ಮತ್ತೆ ಬಣ್ಣ ಹೊಡೆದ, ಫೋಟೊ ತೆಗೆದುಕೊಂಡು ಹೋದ. ಕೆಲಸ ಮಾಡಿದವರೇ ಅದನ್ನು ಪಾಸ್ ಮಾಡಿದರೆ ಅದು ತಪಾಸಣೆ ಹೇಗಾಗುತ್ತದೆ? ನನಗೆ ಸಾಕಾಗಿದೆ.

ಬಣ್ಣ ಕೆರೆಸಿ. ಒಂದೊಂದು ಜೋಡಣೆಯನ್ನೂ ಹೊರಗಿನ ತಪಾಸಣೆಗಾರರಿಂದ ನೋಡಿಸಿ. ಡಿಪಿ ಟೆಸ್ಟ್, ಅಂದರೆ ಬಣ್ಣದ ದ್ರವ ಹಚ್ಚಿ ಬಿರುಕು ಹುಡುಕುವ ಡೈ ಪೆನೆಟ್ರಂಟ್ ಪರೀಕ್ಷೆ, ದೊಡ್ಡ ಖರ್ಚಿನದೇನಲ್ಲ. ಕೆಂಪು ಡೈ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಬಿರುಕು ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ. ಅದು ತೋರಿಸುವುದು ಮೇಲಿನ ಬಿರುಕನ್ನು ಮಾತ್ರ. ಒಳಗಿನದಕ್ಕೆ ಶಬ್ದದ ಅಲೆ ಹಾಯಿಸಿ ನೋಡುವ ಅಲ್ಟ್ರಾಸಾನಿಕ್ ಪರೀಕ್ಷೆ ಬೇಕು, ಮುಖ್ಯ ತೊಲೆಗಳಿಗಾದರೂ ಅದನ್ನು ಮಾಡಿಸಿ. ಇನ್ನು ಮುಂದೆ ಎಲ್ಲೇ ಸಂಕ ಕಟ್ಟಿಸಿದರೂ ಮೊದಲು ವೆಲ್ಡಿಂಗ್ ನೋಡಿಸಿ, ಆಮೇಲೆ ಬಣ್ಣ, ಆಮೇಲೆ ಬಿಲ್ಲು.

ಶಾಲೆ ಶುರುವಾಗಿದೆ. ಹಳ್ಳಕ್ಕೆ ಇನ್ನೂ ನೀರು ಬಂದಿಲ್ಲ, ಸಂಕದ ಅಡಿಗೆ ಇಳಿದು ನೋಡಬಹುದು. ಇನ್ನು ಕೆಲವೇ ದಿನ. ಅಷ್ಟರೊಳಗೆ ಬಣ್ಣ ಕೆರೆಸಿ, ವೆಲ್ಡಿಂಗ್ ನೋಡಿಸಿ. ಯಾವ ದಿನ ಅಂತ ತಿಳಿಸಿ, ನಾನು ವೈರ್ ಬ್ರಷ್ ಹಿಡಿದು ಅಲ್ಲೇ ಇರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ