ಫಿಟ್ಸ್ ಮಾತ್ರೆ ಕೊಡುವಾಗ ಮೂಳೆ ಬಗ್ಗೆನೂ ಹೇಳಿ

ಮಾನ್ಯ ಸಂಪಾದಕರೇ,

ನಮ್ಮ ಅಕ್ಕನಿಗೆ 43 ವರ್ಷ. 19 ವರ್ಷದಿಂದ ರಾತ್ರಿ ಊಟ ಆದ ಮೇಲೆ ಎಪ್ಟಾಯಿನ್ ಮಾತ್ರೆ ತಪ್ಪಿಸಿದವಳಲ್ಲ. ಫಿಟ್ಸ್ ಬಂದ ದಿನ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಲ್ಲಿ ಸುತ್ತು ಹಾಕುತ್ತಿದ್ದಳು. ಐದು ವರ್ಷದಿಂದ ಆ ಪೆನ್ನಿಗೆ ಕೆಲಸ ಇಲ್ಲ. ಹೋದ ತಿಂಗಳು ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಕಾಲು ಜಾರಿತು, ಕೈ ಊರಿದಳು, ಅಷ್ಟಕ್ಕೇ ಮಣಿಕಟ್ಟಿನ ಮೂಳೆ ಮುರಿದುಹೋಯಿತು. ಮತ್ತೆ ಫಿಟ್ಸ್ ಬಂತಾ ಅಂತ ಎಲ್ಲರೂ ಹೆದರಿದೆವು. ಅದಲ್ಲ. ಪ್ಲಾಸ್ಟರ್ ಹಾಕಿದ ಮೂಳೆ ಡಾಕ್ಟರು "ಯಾವ ಮಾತ್ರೆ ತಗೋತಿದ್ದೀರಮ್ಮ?" ಅಂತ ಕೇಳಿ ರಕ್ತ ಪರೀಕ್ಷೆ ಮಾಡಿಸಿದರು. ವಿಟಮಿನ್ ಡಿ ಮಿಲಿಲೀಟರಿಗೆ 9 ನ್ಯಾನೋಗ್ರಾಂ ಇತ್ತು. 20ಕ್ಕಿಂತ ಕಡಿಮೆ ಇದ್ದರೆ ಕೊರತೆ ಅಂತ ಲೆಕ್ಕ.

ದಿನಾ ರಾಗಿಮುದ್ದೆ ಉಣ್ಣೋ ಮನೆ ನಮ್ಮದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇರುತ್ತದೆ. ಆದರೆ ಡಿ ಇಲ್ಲದಿದ್ದರೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಎಪ್ಟಾಯಿನ್‌ನಲ್ಲಿರುವುದು ಫೆನಿಟಾಯಿನ್ ಅನ್ನೋ ಔಷಧ. ಅದು, ಮತ್ತೆ ಫಿಟ್ಸ್‌ಗೇ ಕೊಡುವ ಫಿನೋಬಾರ್ಬಿಟೋನ್, ಕಾರ್ಬಮಜೆಪಿನ್ ಇವೆಲ್ಲ ಲಿವರ್‌ನಲ್ಲಿ ವಿಟಮಿನ್ ಡಿ ಬೇಗ ಬೇಗ ಒಡೆದುಹೋಗುವ ಹಾಗೆ ಮಾಡುತ್ತವೆ, ಆಗ ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ಮೈ ಮೂಳೆಯಿಂದಲೇ ಎಳೆದುಕೊಳ್ಳುತ್ತದೆ, ವರ್ಷಗಟ್ಟಲೆ, ನೋವೂ ಇಲ್ಲ ಸದ್ದೂ ಇಲ್ಲ. ವಾಲ್ಪ್ರೊಯೇಟ್ ಅನ್ನೋ ಇನ್ನೊಂದು ಫಿಟ್ಸ್ ಔಷಧ ತಗೊಳ್ಳುವವರಲ್ಲೂ ಮೂಳೆ ಸವೆಯುವುದುಂಟು. ಇದೇನು ಹೊಸ ವಿಷಯವಲ್ಲ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಹೇಳಿದೆ, ಇಂಥ ಮಾತ್ರೆ ತುಂಬಾ ದಿನ ತಗೊಳ್ಳುವವರಲ್ಲಿ ಅಪಾಯ ಇರುವವರಿಗೆ ವಿಟಮಿನ್ ಡಿ ಕೊಡುವುದನ್ನು ಯೋಚಿಸಿ ಅಂತ.

ನಾವು ತಿಂಗಳು ತಿಂಗಳು ಚೀಟಿ ಹಿಡಿದು ಆಸ್ಪತ್ರೆಗೆ ಹೋದವರೇ. "ಫಿಟ್ಸ್ ಬಂತಾ? ಇಲ್ಲ ತಾನೇ? ಇದನ್ನೇ ಮುಂದುವರಿಸಿ." ಅಷ್ಟೇ ಮಾತು. ಹಿಂದೆ ಅರವತ್ತು ಜನ ಕಾಯುತ್ತಿರುತ್ತಾರೆ, ಅವರ ಕಷ್ಟ ನಮಗೂ ಗೊತ್ತು. ಆದರೂ 19 ವರ್ಷದಲ್ಲಿ ಒಮ್ಮೆ ಹೇಳಬಹುದಿತ್ತು ಅಲ್ವಾ?

ಇದನ್ನು ಓದಿ ಯಾರೂ ಸುಮ್ನೆ ಹೆದರಿ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ದಿಢೀರನೆ ಬಿಟ್ಟರೆ ಫಿಟ್ಸ್ ಮೇಲಿಂದ ಮೇಲೆ ಬಂದು ಜೀವಕ್ಕೇ ಅಪಾಯ. ಮುಂದಿನ ಸಲ ಹೋದಾಗ ವಿಟಮಿನ್ ಡಿ ಪರೀಕ್ಷೆ ಬೇಕಾ ಅಂತ ನೀವೇ ಕೇಳಿ. ಮುಟ್ಟು ನಿಂತ ಹೆಂಗಸರು, ವಯಸ್ಸಾದವರು, ಹಾಸಿಗೆ ಹಿಡಿದವರು ಇದ್ದರೆ ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಬಗ್ಗೆಯೂ ವಿಚಾರಿಸಿ.

ಫಿಟ್ಸ್ ಮಾತ್ರೆ ಉಚಿತವಾಗಿ ಕೊಡುವ ಸರ್ಕಾರಿ ಆಸ್ಪತ್ರೆಗಳಲ್ಲೇ ವರ್ಷಕ್ಕೊಮ್ಮೆ ವಿಟಮಿನ್ ಡಿ ಪರೀಕ್ಷೆಯೂ ಉಚಿತವಾಗಿ ಸಿಗಬೇಕು. ಖಾಸಗಿ ಲ್ಯಾಬಿನಲ್ಲಿ ಇದಕ್ಕೆ ಕೇಳುವ ದುಡ್ಡು ಕೂಲಿಯವರ ಕೈಗೆ ಎಟುಕುವಂಥದ್ದಲ್ಲ.

ಒಬ್ಬ ಓದುಗ, ತಿಪಟೂರು