ಸತ್ತ ಮೇಲೂ ಮುಗಿಯದ ಪಾತ್ರ: ಮಗಳಿಗೊಂದು ಪತ್ರ

ಪುಟ್ಟೀ,

ಷೇಕ್ಸ್‌ಪಿಯರ್‌ನ ನಾಟಕದಲ್ಲಿ ಜೂಲಿಯಸ್ ಸೀಸರನ ಪಾತ್ರ ಸಿಕ್ಕಿತೆಂದು ಹೇಳಿದ ಮರುಕ್ಷಣವೇ ನಿನ್ನ ದನಿ ಇಳಿದದ್ದು ಫೋನಿನಲ್ಲೂ ಗೊತ್ತಾಯಿತು. "ಮೂರನೇ ಅಂಕ ಶುರುವಾಗ್ತಿದ್ದ ಹಾಗೇ ಸತ್ತುಹೋಗ್ತೀನಮ್ಮ, ಆಮೇಲೆ ಏನಿದೆ?" ಅಂದೆ. ರಾತ್ರಿ ನಾಟಕವನ್ನು ಮತ್ತೆ ತೆಗೆದು ಓದಿದೆ. ಇರುವುದೆಲ್ಲ ಆಮೇಲೆಯೇ, ಮಗಳೇ.

ಎರಡನೇ ಅಂಕದಲ್ಲಿ ಸೀಸರನ ಗೆಳೆಯ ಬ್ರೂಟಸ್, ಅವನನ್ನು ಕೊಲ್ಲಲು ಸೇರಿದ ಸಂಚುಗಾರರ ಮುಂದೆ ಒಂದು ಆಸೆ ತೋಡಿಕೊಳ್ಳುತ್ತಾನೆ: ಸೀಸರನ ಮೈ ಕಡಿಯದೆ ಅವನ ಚೇತನವನ್ನಷ್ಟೇ ಹಿಡಿಯುವಂತಿದ್ದರೆ! ಆದದ್ದು ತಿರುವುಮುರುವು. ಮೈ ಬಿತ್ತು, ಚೇತನಕ್ಕೆ ಒಂದು ಗೀರೂ ಬೀಳಲಿಲ್ಲ.

ನನಗೆ ಎದೆ ಝಲ್ಲೆನ್ನುವುದು ಸೀಸರನ ಪ್ರೇತ ಬ್ರೂಟಸ್‌ನೆದುರು ಬಂದಾಗ ಅಲ್ಲ. ಬ್ರೂಟಸ್ ರೋಮಿನ ಜನರೆದುರು ನಿಂತು ಯಾಕೆ ಕೊಂದೆನೆಂದು ವಿವರಿಸಿ ಮುಗಿಸುತ್ತಾನೆ. ಗುಂಪಿನಿಂದ ಒಬ್ಬ ಕೂಗುತ್ತಾನೆ, "ಇವನೇ ಸೀಸರ್ ಆಗಲಿ!" ಒಬ್ಬನೇ ಆಳುವ ಕಾಲ ಬರಬಾರದೆಂದು ಕೈಗೆ ರಕ್ತ ಮಾಡಿಕೊಂಡವನಿಗೇ ಜನ ಆ ಪಟ್ಟ ಕಟ್ಟಲು ಹೊರಟಿದ್ದಾರೆ. ಹೆಸರು ಪದವಿಯಾಗಿಬಿಟ್ಟಿತು. ಐದನೇ ಅಂಕಕ್ಕೆ ಬಂದರೆ ಸೀಸರನ ಆಪ್ತ ಆಂಟನಿ, ಸೀಸರನ ವಾರಸುದಾರ ಆಕ್ಟೇವಿಯಸ್‌ನನ್ನೇ "ಸೀಸರ್" ಎಂದು ಕರೆಯುತ್ತಾನೆ, ಅಷ್ಟು ಸಲೀಸಾಗಿ.

ಇನ್ನು ಸೀಸರನ ಆ ನಿಲುವಂಗಿ. ಶವದ ಮೇಲಿರುವ ಅದರ ತೂತುಗಳನ್ನು ಆಂಟನಿ ಒಂದೊಂದಾಗಿ ತೋರಿಸುತ್ತಾನೆ, ಇಲ್ಲಿ ಕ್ಯಾಸಿಯಸ್ ಇರಿದ, ಇಲ್ಲಿ ಕಾಸ್ಕಾ, ಇಲ್ಲಿ ಬ್ರೂಟಸ್ ಎಂದು. ಬೇಸಗೆಯ ಒಂದು ಸಂಜೆ ಡೇರೆಯಲ್ಲಿ ಸೀಸರ್ ಇದನ್ನು ಮೊದಲು ತೊಟ್ಟದ್ದು ನೆನಪಿದೆ ಅನ್ನುತ್ತಾನೆ. ಆದ್ದರಿಂದ ಬದುಕಿರುವಷ್ಟು ಹೊತ್ತು ಅದನ್ನು ನಿನ್ನದೇ ಎಂಬಂತೆ ತೊಡು, ನಡೆಯುವಾಗ ಅಂಚು ಸರಿಮಾಡಿಕೊ. ನೋಡುವವರ ಕಣ್ಣಿಗೆ ಅದು ರೂಢಿಯಾದರೆ, ಮುಂದೆ ಆ ತೂತುಗಳು ಅವರಿಗೂ ನೋಯುತ್ತವೆ.

ಪ್ರೇತಕ್ಕೆ ಇರುವುದು ಮೂರೇ ಪುಟ್ಟ ಮಾತು. ಆರ್ಭಟ ಬೇಡ, ಮೆಲ್ಲಗೆ ಹೇಳು.

ಚರಿತ್ರೆಯಲ್ಲಿ ಕ್ರಿ.ಪೂ. 44ರ ಮಾರ್ಚ್ 15ರ ಕೊಲೆಗೂ ಬ್ರೂಟಸ್, ಕ್ಯಾಸಿಯಸ್ ಇಬ್ಬರೂ ಸೋತು ಸಾಯುವ ಕ್ರಿ.ಪೂ. 42ರ ಫಿಲಿಪ್ಪಿ ಯುದ್ಧಕ್ಕೂ ಎರಡು ವರ್ಷಕ್ಕಿಂತ ಹೆಚ್ಚು ಅಂತರವಿದೆ. ಷೇಕ್ಸ್‌ಪಿಯರ್ ಅದನ್ನೆಲ್ಲ ಒತ್ತಿ ಹತ್ತಿರ ತಂದಿದ್ದಾನೆ. ರಕ್ತ ಆರುವ ಮೊದಲೇ ಸೀಸರ್ ಎದ್ದು ಬಂದಂತಿದೆ. ಕ್ಯಾಸಿಯಸ್ ಸಾಯುವುದು ತನ್ನ ಹುಟ್ಟುಹಬ್ಬದ ದಿನ, ಸೀಸರನಿಗೆ ಇರಿದ ಅದೇ ಕತ್ತಿಯಿಂದ. ಸಾಯುವಾಗ ಅವನು ಮಾತಾಡುವುದೂ ಸೀಸರನ ಜೊತೆಗೇ.

ಕೊನೆಗೆ ಬ್ರೂಟಸ್ ಕತ್ತಿಗೆ ಮೈಯೊಡ್ಡುವಾಗ "ಸೀಸರ್, ಇನ್ನಾದರೂ ಶಾಂತನಾಗು" ಎನ್ನುತ್ತಾನಲ್ಲ, ಆ ಮಾತು ನಿನಗೆ. ಅದು ಕಿವಿಗೆ ಬೀಳುವವರೆಗೆ ಬಣ್ಣ ಅಳಿಸಬೇಡ, ರಂಗದ ಪಕ್ಕದಲ್ಲೇ ನಿಂತಿರು.

ನಿನ್ನ
ಅಮ್ಮ