ಫಲಿಸದ ಲಸಿಕೆಯ ಸುದ್ದಿಯೂ ಬರಲಿ

ಸಂಪಾದಕರೇ,

ಎಚ್‌ಐವಿ ಲಸಿಕೆ ಎಂದ ಕೂಡಲೇ ‘ಇನ್ನೂ ಸಿಕ್ಕಿಲ್ಲ ಅಲ್ವಾ’ ಎಂದು ಮಾತು ಮುಗಿಸಿಬಿಡುತ್ತೇವೆ. ಅದಕ್ಕೇ ದಕ್ಷಿಣ ಆಫ್ರಿಕಾದ ಮಕ್ಕಳ ವೈದ್ಯೆ ಗ್ಲೆಂಡಾ ಗ್ರೇ ಬಗ್ಗೆ ಬರೆಯುತ್ತಿದ್ದೇನೆ. 1996ರಲ್ಲಿ ಸೊವೆಟೊದ ಬಾರಾಗ್ವನಾಥ್ ಆಸ್ಪತ್ರೆಯಲ್ಲಿ ಜೇಮ್ಸ್ ಮ್ಯಾಕಿಂಟೈರ್ ಜೊತೆ ಸೇರಿ, ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟದಂತೆ ತಡೆಯಲು ಸಂಶೋಧನಾ ಘಟಕ ಕಟ್ಟಿದರು. ಮುಂದೆ ಆ ದೇಶದ ಅಧ್ಯಕ್ಷ ಎಂಬೆಕಿ ಅವರೇ ಏಡ್ಸ್‌ಗೆ ಈ ವೈರಸ್ ಕಾರಣವೇ ಎಂದು ಅನುಮಾನಿಸಿದರು. ಔಷಧವಿದ್ದರೂ ಎಷ್ಟೋ ಬಸುರಿಯರಿಗೆ ಸಿಗಲಿಲ್ಲ. ಗ್ರೇ ಸುಮ್ನೆ ಕೂರಲಿಲ್ಲ, ಔಷಧ ಕೊಡಲೇಬೇಕು ಎಂದು ಗಟ್ಟಿಯಾಗಿ ಹೇಳಿದರು.

ಆಮೇಲೆ ಲಸಿಕೆಯ ಕೆಲಸ. ಅವರ ಮುಂದಾಳತ್ವದಲ್ಲಿ 2016ರಲ್ಲಿ ಶುರುವಾದ ಪ್ರಯೋಗಕ್ಕೆ 5,407 ಮಂದಿ ಸ್ವಂತ ಇಚ್ಛೆಯಿಂದ ಬಂದರು. 2020ರ ಆರಂಭದಲ್ಲಿ ಚುಚ್ಚುವುದನ್ನು ನಿಲ್ಲಿಸಿದರು, ಏಕೆಂದರೆ ಲಸಿಕೆ ಪಡೆದವರಲ್ಲಿ 129 ಮಂದಿಗೆ, ಲಸಿಕೆಯಿಲ್ಲದ ಬರೀ ಸೂಜಿ ಪಡೆದವರಲ್ಲಿ 123 ಮಂದಿಗೆ ಎಚ್‌ಐವಿ ಸೋಂಕು ತಗುಲಿತ್ತು, ಅಂದರೆ ಲಸಿಕೆ ಸೋಂಕನ್ನು ತಡೆಯಲಿಲ್ಲ. ಅಷ್ಟು ವರ್ಷದ ದುಡಿಮೆ! ಓದುವಾಗ ನನಗೇ ಹೊಟ್ಟೆ ತೊಳಸಿದಂತಾಯಿತು. ಆದರೆ ಆ ದಾರಿಯಲ್ಲಿ ಲಸಿಕೆ ಸಿಗದು ಎಂದು ಗೊತ್ತಾದದ್ದು ಹೀಗೇ. ಇಂಥ ವೈದ್ಯರ ಬಗ್ಗೆ, ಧೈರ್ಯವಾಗಿ ಕೈಚಾಚಿದ ಆ ಸಾವಿರಾರು ಜನರ ಬಗ್ಗೆ ನಿಮ್ಮ ಪತ್ರಿಕೆ ಜಾಸ್ತಿ ಬರೆಯಲಿ.

– ಒಬ್ಬ ಓದುಗ